ಪದವಿ ವಿದ್ಯಾರ್ಥಿಗಳಿಗೆ ಸುರಕ್ಷಿತ ಲೈಂಗಿಕತೆಯ ಬಗ್ಗೆ ತಿಳಿಸಲು ಯಾವ ಆ್ಯಪ್ ಸೂಚಿಸಲಿ?

ತುಂಗಾತೀರದ ಉಪನ್ಯಾಸಕಿ:

ತೀರ್ಥಹಳ್ಳಿ ತಾಲ್ಲೂಕಿನ ಪದವಿ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಏಡ್ಸ್ ಜಾಗೃತಿಗಾಗಿ ಕಾಲೇಜಿನಲ್ಲಿರುವ ರೆಡ್ ರಿಬ್ಬನ್ ಕ್ಲಬ್ಬಿನ ಸಂಚಾಲಕಿಯೂ ನಾನೇ. ವಿಶ್ವ ಏಡ್ಸ್ ದಿನವಾದ ಡಿಸೆಂಬರ್ 1 ಬಂತೆಂದರೆ ಜಾಥಾ, ಭಿತ್ತಿಪತ್ರ ಸ್ಪರ್ಧೆ, ಪ್ರತಿಜ್ಞಾವಿಧಿ, ಕೊನೆಗೊಂದು ಗುಂಪು ಫೋಟೊ. ಅಷ್ಟಕ್ಕೇ ಕೆಲಸ ಮುಗಿಯಿತು ಎಂದರೆ ನನ್ನ ಮನಸ್ಸು ಒಪ್ಪುವುದಿಲ್ಲ. ಹಾಗಾಗಿ ಈ ವರ್ಷ ಗ್ರಂಥಾಲಯದ ಹೊರಗೆ ಬೀಗ ಹಾಕಿದ ಪೆಟ್ಟಿಗೆಯೊಂದನ್ನು ಇಟ್ಟು, ‘ಹೆಸರು ಬರೆಯಬೇಡಿ, ಏನು ಬೇಕಾದರೂ ಕೇಳಿ’ ಎಂದು ಅಂಟಿಸಿದೆ.

ಬಂದ ಚೀಟಿಗಳಲ್ಲಿ ಕೆಲವನ್ನು ಇದ್ದ ಹಾಗೆಯೇ ಕೊಡುತ್ತಿದ್ದೇನೆ.

‘ಮಾತ್ರೆ ತೆಗೆದುಕೊಂಡರೆ ಕಾಂಡೋಮ್ ಬೇಡವೇ?’

‘ಮೆಡಿಕಲ್ ಅಂಗಡಿಯವರು ಅಪ್ಪನಿಗೆ ಹೇಳಿಬಿಟ್ಟರೆ?’

‘ಎಚ್‌ಐವಿ ಪರೀಕ್ಷೆಯ ಫಲಿತಾಂಶವನ್ನು ಕಾಲೇಜಿಗೆ ಕಳಿಸುತ್ತಾರೆಯೇ?’

‘ಬೇಡ ಎಂದರೆ ನಿನಗೆ ನನ್ನ ಮೇಲೆ ನಂಬಿಕೆ ಇಲ್ಲ ಎನ್ನುತ್ತಾನೆ. ಏನು ಹೇಳಲಿ?’

‘ಒಂದು ಹುಣ್ಣಾಗಿತ್ತು, ನೋವಿರಲಿಲ್ಲ, ತಾನಾಗಿಯೇ ಹೋಯಿತು. ವಾಸಿಯಾಯಿತು ಎಂದು ತಿಳಿಯಬಹುದೇ?’

‘ಯೂಟ್ಯೂಬಿನಲ್ಲಿ ಒಬ್ಬರು ನರದೌರ್ಬಲ್ಯಕ್ಕೆ ಮದ್ದು ಕಳಿಸುತ್ತೇನೆ ಎನ್ನುತ್ತಾರೆ. ದುಡ್ಡು ಹಾಕಲೇ?’

ಏಡ್ಸ್ ಎಂದರೇನು, ಅದು ಹೇಗೆ ಹರಡುತ್ತದೆ ಎಂದು ಒಂದೇ ಒಂದು ಚೀಟಿ ಕೇಳಿಲ್ಲ. ಭಾಷಣಗಳಲ್ಲಿ ನಾವು ಹೇಳುತ್ತಾ ಬಂದಿರುವುದು ಮಾತ್ರ ಅದನ್ನೇ.

ಇವರೆಲ್ಲರ ಕೈಯಲ್ಲೂ ಫೋನ್ ಇದೆ, ಒಂದು ಒಳ್ಳೆಯ ಆ್ಯಪ್ ಸೂಚಿಸಿದರೆ ಮುಜುಗರವಿಲ್ಲದೆ ಓದಿಕೊಳ್ಳುತ್ತಾರೆ ಎಂಬುದು ನನ್ನ ಯೋಚನೆ. ಪ್ರಾಂಶುಪಾಲರು ‘ಸರ್ಕಾರದ್ದಾದರೆ ಅಡ್ಡಿಯಿಲ್ಲ’ ಎಂದಿದ್ದಾರೆ. ಹುಡುಕಿದಾಗ ಸಿಕ್ಕವು ಇವು. ಆರೋಗ್ಯ ಸಚಿವಾಲಯ 2017ರಲ್ಲಿ ತಂದ ‘ಸಾಥಿಯಾ ಸಲಾಹ್’ 10ರಿಂದ 19 ವರ್ಷದವರಿಗಾಗಿ ಮಾಡಿದ್ದು. ನನ್ನ ಅಂತಿಮ ವರ್ಷದವರಿಗೆ ಅದು ಸಾಲದು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ ನಾಕೋದ ಆ್ಯಪ್ ಇದೆ. ಉಳಿದಂತೆ ಮುಟ್ಟಿನ ದಿನ ಲೆಕ್ಕ ಹಾಕುವವು, ಇಂಗ್ಲಿಷಿನಲ್ಲಿ ಸಲಹೆ ಕೊಡುವವು, ನಡುನಡುವೆ ಜಾಹೀರಾತು ತೂರಿಸುವವು ಬೇಕಾದಷ್ಟಿವೆ.

ನನಗೆ ಬೇಕಿರುವುದು ಕನ್ನಡದಲ್ಲಿ ಓದಬಹುದಾದದ್ದು. ಆಗುಂಬೆ, ಮೇಗರವಳ್ಳಿ ಕಡೆಯ ಮಕ್ಕಳಿಗೆ ಮನೆಯಲ್ಲಿ ಸಿಗ್ನಲ್ ಸಿಗುವುದಿಲ್ಲ, ಗುಡ್ಡ ಹತ್ತಬೇಕು. ಆದ್ದರಿಂದ ನೆಟ್‌ವರ್ಕ್ ಇಲ್ಲದೆಯೂ ತೆರೆಯಬೇಕು. ಇನ್ನೊಂದು, ಹಲವರ ಮನೆಯಲ್ಲಿ ಫೋನ್ ಒಬ್ಬರದ್ದಲ್ಲ, ಎಲ್ಲರದ್ದು. ತಿಳಿದವರು ಹೇಳಿ.

—

ಊರಿಗೆ ವಾಪಸಾದ ತಂತ್ರಜ್ಞ, ಹೊಸನಗರ:

ಮೇಡಂ, ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ನಾನು ಆ್ಯಪ್ ಬರೆದು ಹೊಟ್ಟೆ ಹೊರೆಯುವವನು. ಈ ವಿಷಯಕ್ಕೆ ಮಾತ್ರ ಇನ್‌ಸ್ಟಾಲ್ ಮಾಡಬೇಕಾದ ಆ್ಯಪ್ ಬೇಡ ಎನ್ನುತ್ತೇನೆ.

ನಮ್ಮ ಕಡೆ ಎಷ್ಟೋ ಮಕ್ಕಳ ಫೋನಿನಲ್ಲಿ ಇರುವುದು ಅಣ್ಣನ ಅಥವಾ ಅಪ್ಪನ ಗೂಗಲ್ ಖಾತೆ. ಫೋನ್ ಕೊಂಡ ದಿನ ಅಂಗಡಿಯಲ್ಲಿ ಯಾರ ಖಾತೆ ಹಾಕಿಕೊಟ್ಟರೋ ಅದೇ ಮುಂದುವರಿದಿರುತ್ತದೆ. ಒಂದೇ ಖಾತೆ ಎರಡು ಫೋನಿನಲ್ಲಿದ್ದರೆ, ಇಲ್ಲಿ ಇಳಿಸಿಕೊಂಡ ಆ್ಯಪ್‌ನ ಹೆಸರು ಅಲ್ಲಿನ ಪ್ಲೇ ಸ್ಟೋರ್ ಪಟ್ಟಿಯಲ್ಲೂ ಕಾಣಿಸುತ್ತದೆ. ಅಳಿಸಿ ಹಾಕಿದರೂ ಹಿಂದೊಮ್ಮೆ ಇಳಿಸಿದ್ದರ ಗುರುತು ಉಳಿಯುತ್ತದೆ. ಯೂಟ್ಯೂಬ್ ಹುಡುಕಾಟವೂ ಹಾಗೆಯೇ ಹಿಂಬಾಲಿಸುತ್ತದೆ. ಅಡಿಕೆ ಸುಲಿಯುವಾಗ ಹಾಡು ಕೇಳಲು ಅಮ್ಮ ಫೋನ್ ಕೈಗೆತ್ತಿಕೊಂಡರೆ, ಮಗಳು ಹಿಂದಿನ ರಾತ್ರಿ ಏನು ಹುಡುಕಿದ್ದಳೋ ಅದಕ್ಕೆ ಸಂಬಂಧಿಸಿದ ವಿಡಿಯೊ ಮೇಲೆ ಬಂದು ಕೂತಿರುತ್ತದೆ. ನೋಟಿಫಿಕೇಶನ್ ಬೇರೆ: ಪರದೆಗೆ ಬೀಗ ಹಾಕಿದ್ದರೂ ‘ನಿಮ್ಮ ಪರೀಕ್ಷೆಯ ದಿನ ನೆನಪಿದೆಯೇ?’ ಎಂದು ಮೇಲೆ ತೇಲಿ ಬರುತ್ತದೆ.

ಇದು ಮನೆಯೊಳಗಿನ ಮಾತು. ಹೊರಗಿನದ್ದೂ ಇದೆ. 2018ರಲ್ಲಿ ಗ್ರೈಂಡರ್ ಎಂಬ ಡೇಟಿಂಗ್ ಆ್ಯಪ್ ತನ್ನ ಬಳಕೆದಾರರ ಎಚ್‌ಐವಿ ಸ್ಥಿತಿ, ಕೊನೆಯ ಬಾರಿ ಪರೀಕ್ಷೆ ಮಾಡಿಸಿದ ದಿನಾಂಕ ಎರಡನ್ನೂ ಬೇರೆ ಎರಡು ಕಂಪನಿಗಳಿಗೆ ರವಾನಿಸುತ್ತಿದ್ದುದು ಬಯಲಾಯಿತು. ಮುಟ್ಟಿನ ಲೆಕ್ಕ ಇಡುವ ಫ್ಲೋ ಆ್ಯಪ್, ಬಳಕೆದಾರರ ಆರೋಗ್ಯ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್‌ನಂತಹವರ ಜೊತೆ ಹಂಚಿಕೊಂಡ ಆರೋಪಕ್ಕೆ 2021ರಲ್ಲಿ ಅಮೆರಿಕದ ವ್ಯಾಪಾರ ಆಯೋಗದ ಮುಂದೆ ರಾಜಿ ಮಾಡಿಕೊಳ್ಳಬೇಕಾಯಿತು. ಕೋಟಿಗಟ್ಟಲೆ ಜನ ಬಳಸುವ ದೊಡ್ಡ ಆ್ಯಪ್‌ಗಳ ಕಥೆಯೇ ಹೀಗಿದೆ. ನಮ್ಮಲ್ಲಿ 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಗೆ ಕಾನೂನು ಬಂದಿದೆ ನಿಜ. ಆದರೆ ಮಾಹಿತಿ ಹೊರಬಿದ್ದ ಮೇಲೆ ಕಾನೂನು ಹಿಡಿದು ಹೋರಾಡುವ ಶಕ್ತಿ ಹತ್ತೊಂಬತ್ತರ ಹುಡುಗಿಗೆ ಎಲ್ಲಿಂದ ಬರಬೇಕು? ಕೇಳದಿದ್ದರೆ ಸೋರುವುದೂ ಇಲ್ಲ. ಆದ್ದರಿಂದ ಹೆಸರು, ಫೋನ್ ನಂಬರ್, ಸಂಪರ್ಕ ಪಟ್ಟಿ, ಸ್ಥಳ ಇವುಗಳಲ್ಲಿ ಯಾವೊಂದನ್ನು ಕೇಳುವ ಆ್ಯಪ್ ಆದರೂ ನಿಮ್ಮ ಪಟ್ಟಿಯಿಂದ ಹೊರಗಿಡಿ.

ಅದರ ಬದಲು ನನ್ನ ಸಲಹೆ: ಬರಿಯ ಅಕ್ಷರಗಳಿರುವ, ಚಿತ್ರ ವಿಡಿಯೊ ಇಲ್ಲದ ಒಂದು ಕನ್ನಡ ಪುಟ. ಒಮ್ಮೆ ಕಾಲೇಜಿನ ವೈಫೈನಲ್ಲಿ ತೆರೆದರೆ ಆಮೇಲೆ ಸಿಗ್ನಲ್ ಇಲ್ಲದಿದ್ದರೂ ಓದಬಹುದಾದ ಹಾಗೆ ಮಾಡಬಹುದು. ಲಾಗಿನ್ ಇಲ್ಲ, ಯಾರು ಓದಿದರು ಎಂಬ ಲೆಕ್ಕವೂ ಇಲ್ಲ. ವಿಷಯವನ್ನು ತಿಳಿದವರು ಬರೆದುಕೊಟ್ಟರೆ ಪುಟ ಕಟ್ಟಿಕೊಡುವ ಕೆಲಸ ನನ್ನದು, ದುಡ್ಡು ಬೇಡ. ನಾಕೋ ಆ್ಯಪ್ ಬೇಕಾದವರು ಅವರವರ ಸ್ವಂತ ಫೋನಿನಲ್ಲಿ, ಸ್ವಂತ ಖಾತೆಯಲ್ಲಿ ಹಾಕಿಕೊಳ್ಳಲಿ. ಹತ್ತಿರದ ಕೇಂದ್ರ ಎಲ್ಲಿದೆ ಎಂದು ಹುಡುಕಲು ಅದು ಉಪಯೋಗಕ್ಕೆ ಬರುತ್ತದೆ.

—

ಸಾಗರದ ಔಷಧಿ ಅಂಗಡಿಯವಳು:

‘ಅಪ್ಪನಿಗೆ ಹೇಳಿಬಿಟ್ಟರೆ?’ ಎಂಬ ಚೀಟಿಗೆ ನಾನು ಉತ್ತರ ಕೊಡಬೇಕು. ನಾನು ಹೇಳುವುದಿಲ್ಲ. ಆದರೆ ಆ ಭಯ ಸುಳ್ಳು ಎನ್ನುವ ಧೈರ್ಯವೂ ನನಗಿಲ್ಲ. ಸಣ್ಣ ಪೇಟೆ ನಮ್ಮದು. ಕೌಂಟರಿನಲ್ಲಿ ನಿಂತವನ ಮುಖ ನೋಡಿದರೆ ಯಾರ ಮನೆಯ ಮಗ, ಯಾವ ಬಸ್ಸಿನಲ್ಲಿ ಬಂದ ಎಂಬುದು ಅರ್ಧ ಅಂಗಡಿಗೆ ಗೊತ್ತಾಗುತ್ತದೆ.

ಹುಡುಗರು ಹೇಗೆ ಕೊಳ್ಳುತ್ತಾರೆ ಎಂಬುದನ್ನು ದಿನವೂ ನೋಡುತ್ತೇನೆ. ಮೊದಲು ಪ್ಯಾರಾಸಿಟಮಾಲ್, ಆಮೇಲೆ ಟೂತ್‌ಪೇಸ್ಟ್. ಪಕ್ಕದಲ್ಲಿ ನಿಂತ ಹಿರಿಯರು ಹೋಗುವವರೆಗೆ ಬೇಡದ ಕ್ರೀಮಿನ ಡಬ್ಬಿ ತಿರುಗಿಸಿ ತಿರುಗಿಸಿ ಓದುತ್ತಿರುತ್ತಾರೆ. ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಒಳಗೆ ಬಂದರೆ ಟೂತ್‌ಪೇಸ್ಟ್ ಮಾತ್ರ ತೆಗೆದುಕೊಂಡು ಹೊರಟುಬಿಡುತ್ತಾರೆ. ಯಾವ ಆ್ಯಪ್ ಎಷ್ಟು ಚೆನ್ನಾಗಿ ಹೇಳಿಕೊಟ್ಟಿದ್ದರೂ ಅವನ ಕಲಿಕೆ ನನ್ನ ಕೌಂಟರಿನಲ್ಲಿ ನಿಂತುಹೋಯಿತಲ್ಲ! ಅದನ್ನು ನೋಡಲಾರದೆ ಕಾಂಡೋಮನ್ನು ಗಾಜಿನ ಹಿಂದಿನಿಂದ ತೆಗೆದು, ಓಆರ್‌ಎಸ್ ಪೊಟ್ಟಣಗಳ ಪಕ್ಕ, ಕೈಗೆ ಸಿಗುವ ಸ್ಟ್ಯಾಂಡಿನಲ್ಲಿ ಇಟ್ಟಿದ್ದೇನೆ. ಬೆಲೆ ಎದ್ದು ಕಾಣುವಂತೆ ಬರೆದಿದ್ದೇನೆ. ಎತ್ತಿಕೊಂಡು ದುಡ್ಡು ಇಟ್ಟರೆ ಸಾಕು, ಬಾಯಿ ಬಿಟ್ಟು ಕೇಳಬೇಕಾಗಿಲ್ಲ.

ದುಡ್ಡಿನ ಬಗ್ಗೆಯೂ ಒಂದು ಮಾತು. ವಿದ್ಯಾರ್ಥಿಗಳ ಬ್ಯಾಂಕ್ ಖಾತೆಗೆ ಅನೇಕ ಬಾರಿ ಅಪ್ಪನ ಮೊಬೈಲ್ ನಂಬರೇ ಜೋಡಣೆಯಾಗಿರುತ್ತದೆ. ಫೋನ್‌ನಿಂದ ಪಾವತಿಸಿದರೆ ರಾತ್ರಿ ಎಷ್ಟು ಗಂಟೆಗೆ ಯಾವ ಔಷಧಿ ಅಂಗಡಿಗೆ ಎಷ್ಟು ಹೋಯಿತು ಎಂಬ ಸಂದೇಶ ಅಪ್ಪನ ಜೇಬಿನಲ್ಲಿ ಸದ್ದು ಮಾಡುತ್ತದೆ. ನಗದು ಕೊಡಲಿ.

ಇನ್ನು ಪುಟದಲ್ಲಿ ಬರೆಯಲೇಬೇಕಾದದ್ದು. ತುರ್ತು ಗರ್ಭನಿರೋಧಕ ಮಾತ್ರೆಯನ್ನು 72 ಗಂಟೆಯೊಳಗೆ ತೆಗೆದುಕೊಳ್ಳಬೇಕು, ಅದರಲ್ಲೂ ಎಷ್ಟು ಬೇಗವೋ ಅಷ್ಟು ಒಳ್ಳೆಯದು. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಮತ್ತೊಂದು ಬೇಕಾಗುತ್ತದೆ. ಮುಟ್ಟು ಒಂದು ವಾರಕ್ಕಿಂತ ಹೆಚ್ಚು ತಡವಾದರೆ ಗರ್ಭ ಪರೀಕ್ಷೆ ಮಾಡಿಕೊಳ್ಳಲಿ. ಈ ಮಾತ್ರೆ ಯಾವ ಸೋಂಕನ್ನೂ ತಡೆಯುವುದಿಲ್ಲ. ಮೊದಲ ಚೀಟಿಗೆ ಉತ್ತರ ಇದೇ: ಮಾತ್ರೆ ನುಂಗಿದರೂ ಕಾಂಡೋಮ್ ಬೇಕು.

ಕಾಂಡೋಮಿನ ಜೊತೆ ಕೊಬ್ಬರಿ ಎಣ್ಣೆ ಬಳಸಲೇಬಾರದು. ನಮ್ಮಲ್ಲಿ ತಲೆಗೂ ಅದೇ, ಮೈಗೂ ಅದೇ, ಕೈಗೆ ಮೊದಲು ಸಿಗುವುದೂ ಅದೇ. ಎಣ್ಣೆ, ವ್ಯಾಸಲೀನ್ ತಾಗಿದರೆ ಲೇಟೆಕ್ಸ್ ನಿಮಿಷಗಳಲ್ಲೇ ಬಲ ಕಳೆದುಕೊಂಡು ಹರಿಯುತ್ತದೆ. ನೀರಿನ ಆಧಾರದ ಜೆಲ್ ಮಾತ್ರ ಬಳಸಬೇಕು. ಪ್ಯಾಂಟಿನ ಹಿಂದಿನ ಜೇಬಿನ ಪರ್ಸಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಇಟ್ಟದ್ದು ಬೇಡ. ಪೊಟ್ಟಣವನ್ನು ಬೆರಳಿನಿಂದ ಒತ್ತಿ ನೋಡಲಿ. ಒಳಗೆ ಗಾಳಿಯ ಗುಳ್ಳೆ ಇದ್ದರೆ ತೂತಾಗಿಲ್ಲ ಎಂದು ಅರ್ಥ. ಹಲ್ಲಿನಿಂದ ಕಚ್ಚಿ ಹರಿಯಬಾರದು. ಕೊನೆಯ ದಿನಾಂಕ ಪ್ರತಿ ಪೊಟ್ಟಣದ ಮೇಲೂ ಇರುತ್ತದೆ. ಪ್ರತಿ ಬಾರಿಯೂ ಸರಿಯಾಗಿ ಬಳಸಿದರೆ ವರ್ಷದಲ್ಲಿ 100ರಲ್ಲಿ ಸುಮಾರು 2 ಜನರಿಗೆ ಗರ್ಭ ನಿಲ್ಲುತ್ತದೆ, ಜನ ಸಾಮಾನ್ಯವಾಗಿ ಬಳಸುವ ರೀತಿಯಲ್ಲಿ ಬಳಸಿದರೆ 13 ಜನರಿಗೆ ಎಂಬುದು ಅಮೆರಿಕದ ಲೆಕ್ಕ. ಎರಡಕ್ಕೂ ಹದಿಮೂರಕ್ಕೂ ನಡುವಿನ ವ್ಯತ್ಯಾಸ ಕೆಲವು ಸಲ ಬಳಸದೇ ಬಿಡುವುದರಲ್ಲೂ ಇಂತಹ ಸಣ್ಣ ಸಣ್ಣ ಸಂಗತಿಗಳಲ್ಲೂ ಇದೆ.

ಮುಟ್ಟಿನ ಲೆಕ್ಕದ ಆ್ಯಪ್ ನೋಡಿಕೊಂಡು ‘ಇವತ್ತು ಅಪಾಯವಿಲ್ಲದ ದಿನ’ ಎಂದು ನಂಬುವ ಹುಡುಗಿಯರೂ ಬರುತ್ತಾರೆ. ಆ ಆ್ಯಪ್‌ಗಳಲ್ಲಿ ಹೆಚ್ಚಿನವು ಹಿಂದಿನ ತಿಂಗಳ ದಿನ ನೋಡಿ ಮುಂದಿನದನ್ನು ಅಂದಾಜು ಮಾಡುತ್ತವೆ, ಅಷ್ಟೇ. ಅಂದಾಜನ್ನು ನಂಬಿ ಕೂರಬೇಡಿ ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ.

—

ತೋಟದ ಮನೆ ಯಜಮಾನ, ಕೊಪ್ಪ:

ನನಗೂ ಕಾಲೇಜಿಗೆ ಹೋಗುವ ಮಗಳಿದ್ದಾಳೆ. ನೀವೆಲ್ಲ ಒಳ್ಳೆಯ ಮನಸ್ಸಿನಿಂದಲೇ ಮಾಡುತ್ತಿರಬಹುದು. ಆದರೆ ಇಷ್ಟು ಬಿಡಿಸಿ ಬಿಡಿಸಿ ಹೇಳಿಕೊಟ್ಟರೆ, ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುವುದಿಲ್ಲವೇ? ಕಾಲೇಜಿಗೆ ಕಳಿಸುವುದು ಓದಲಿಕ್ಕೆ.

—

ತುಂಗಾತೀರದ ಉಪನ್ಯಾಸಕಿ:

ಯಜಮಾನರೇ, ನಿಮ್ಮ ಆತಂಕ ಹಗುರವಾದದ್ದು ಎಂದು ನಾನು ಭಾವಿಸುವುದಿಲ್ಲ. ನನ್ನ ಮಗ ಪಿಯುಸಿಯಲ್ಲಿದ್ದಾನೆ. ಆದರೆ ಆ ಚೀಟಿಗಳನ್ನು ಮತ್ತೊಮ್ಮೆ ಓದಿ. ಹುಣ್ಣಾಗಿ ಹೋದವರ ತಲೆಗೆ ನಾನು ಹೊಸದಾಗಿ ತುಂಬುವುದು ಏನಿದೆ? ಯೋಚನೆ ಅವರಲ್ಲಿ ಆಗಲೇ ಇದೆ, ಅನುಭವವೂ ಕೆಲವರಿಗೆ ಆಗಿದೆ, ತಿಳಿವಳಿಕೆ ಮಾತ್ರ ಇಲ್ಲ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಯುನೆಸ್ಕೊ, 2018ರ ತನ್ನ ಮಾರ್ಗಸೂಚಿಯಲ್ಲಿ, ಲೈಂಗಿಕ ಶಿಕ್ಷಣದಿಂದ ಮಕ್ಕಳ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲ ಎಂದೇ ಹೇಳಿದೆ.

ಮಳೆ ಹಿಡಿಯುವ ಮುಂಚೆಯೇ ಅಡಿಕೆಯ ಕೊಳೆರೋಗ ತಡೆಯಲು ತೋಟಕ್ಕೆ ಬೋರ್ಡೋ ದ್ರಾವಣ ಹೊಡೆಸುವವರು ನೀವು. ಕೊಳೆಯ ಹೆಸರು ಹೇಳಿದರೆ ಕೊಳೆ ಬಂದೀತು ಎಂದು ಸುಮ್ಮನಿರುವುದಿಲ್ಲವಲ್ಲ.

ನಾವು ಬಾಯಿ ಮುಚ್ಚಿಕೊಂಡರೆ ಮಕ್ಕಳು ಕೇಳುವುದನ್ನು ನಿಲ್ಲಿಸುವುದಿಲ್ಲ, ಬೇರೆ ಕಡೆ ಹೋಗಿ ಕೇಳುತ್ತಾರೆ. ಹಿಂದೆ ಬಸ್ ನಿಲ್ದಾಣದ ಗೋಡೆಯ ಮೇಲೆ ‘ಗುಪ್ತರೋಗ ತಜ್ಞರು ಇಂಥ ದಿನ ಇಂಥ ಲಾಡ್ಜಿನಲ್ಲಿ ಸಿಗುತ್ತಾರೆ’ ಎಂಬ ಚೀಟಿ ಅಂಟಿರುತ್ತಿತ್ತು. ಈಗ ಅದೇ ತಜ್ಞರು ಫೋನಿನೊಳಗೆ ಬಂದು ಕೂತಿದ್ದಾರೆ. ಹುಡುಗನೊಬ್ಬ ಒಮ್ಮೆ ಹುಡುಕಿದರೆ ಸಾಕು, ತಿಂಗಳಿಡೀ ಅವನ ಕಣ್ಣ ಮುಂದೆ ಅದೇ ಜಾಹೀರಾತು. ಸಹಜವಾದ ಸ್ವಪ್ನ ಸ್ಖಲನವನ್ನು ರೋಗ ಎಂದು ಹೆದರಿಸಿ ಸಾವಿರಗಟ್ಟಲೆ ವಸೂಲು ಮಾಡುವವರ ಕೈಗೆ ನನ್ನ ವಿದ್ಯಾರ್ಥಿಗಳನ್ನು ಒಪ್ಪಿಸಲು ನಾನು ತಯಾರಿಲ್ಲ. ನಿಮ್ಮ ಮಗಳಿಗೆ ಏನಾದರೂ ಕೇಳಬೇಕೆನಿಸಿದರೆ ಸರಿಯಾಗಿ ತಿಳಿದವರೇ ಉತ್ತರಿಸಲಿ ಎಂಬುದಷ್ಟೇ ನನ್ನ ಆಸೆ.

—

ಹೆಸರು ಬೇಡ, ಶಿವಮೊಗ್ಗದ ಹಾಸ್ಟೆಲ್:

ನನಗೆ ಇಪ್ಪತ್ತು ವರ್ಷ. ಇಲ್ಲಿಯವರೆಗೆ ಬರೆದವರೆಲ್ಲ ದೊಡ್ಡವರು, ಅದಕ್ಕೇ ನಾನೂ ಬರೆಯುತ್ತಿದ್ದೇನೆ.

ಊರಿಗೆ ಹೋದರೆ ನನ್ನ ಫೋನಿನ ಪ್ಯಾಟರ್ನ್ ತಮ್ಮನಿಗೆ ಗೊತ್ತು. ಬದಲಾಯಿಸಿದರೆ ಯಾಕೆ ಬದಲಾಯಿಸಿದೆ ಎಂಬ ಪ್ರಶ್ನೆ ಏಳುತ್ತದೆ. ಆದ್ದರಿಂದ ತಂತ್ರಜ್ಞರು ಹೇಳಿದ ಪುಟವೇ ಸರಿ. ಅದಕ್ಕೆ ಗುಲಾಬಿ ಬಣ್ಣ, ಹೃದಯದ ಚಿತ್ರ ಬೇಡ. ನೋಟ್ಸಿನ ಹಾಗೆ ಕಾಣಲಿ, ಬಸ್ಸಿನಲ್ಲಿ ಕೂತು ಓದುವಂತಿರಲಿ.

ನನಗೆ ಗೊತ್ತಿಲ್ಲದಿದ್ದದ್ದು ರೋಗಗಳ ಹೆಸರಲ್ಲ, ಅವು ಪಠ್ಯಪುಸ್ತಕದಲ್ಲೇ ಇವೆ. ‘ನಂಬಿಕೆ ಇಲ್ಲ ಎನ್ನುತ್ತಾನೆ’ ಎಂದು ಬರೆದವಳಿಗೆ ಏನು ಉತ್ತರ ಕೊಡುತ್ತೀರಿ ಎಂದು ನೋಡುತ್ತಿದ್ದೇನೆ. ನಾನು ಓದಿದ ಪ್ರತಿಯೊಂದು ಆ್ಯಪ್ ‘ಸಂಗಾತಿಯೊಂದಿಗೆ ಮುಕ್ತವಾಗಿ ಮಾತನಾಡಿ’ ಎನ್ನುತ್ತದೆ. ಯಾವ ಮಾತು ಎಂದು ಹೇಳುವುದಿಲ್ಲ. ನಮ್ಮ ಭಾಷೆಯಲ್ಲಿ, ನಮ್ಮ ವಯಸ್ಸಿನವರು ಆಡಬಹುದಾದ ವಾಕ್ಯ ಬೇಕು. ಮತ್ತೆ, ಹುಡುಗರಿಗೂ ಇದನ್ನೇ ಓದಿಸಿ. ಎಲ್ಲವನ್ನೂ ಹುಡುಗಿಯೇ ನೋಡಿಕೊಳ್ಳಬೇಕು ಎನ್ನುವ ಹಾಗೆ ಬರೆಯಬೇಡಿ.

—

ಹಿಂದೆ ಐಸಿಟಿಸಿಯಲ್ಲಿ (ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರ) ಆಪ್ತ ಸಮಾಲೋಚಕಿಯಾಗಿದ್ದವಳು, ಶಿವಮೊಗ್ಗ:

ಉಪನ್ಯಾಸಕಿಯವರೇ, ಆ್ಯಪ್‌ನ ಚರ್ಚೆ ಆಮೇಲೆ ಆಗಲಿ. ಆ ಹುಣ್ಣಿನ ಚೀಟಿಗೆ ನಾಳೆಯೇ ಉತ್ತರ ಬರೆದು ಪೆಟ್ಟಿಗೆಯ ಮೇಲೆ ಅಂಟಿಸಿ. ನೋವಿಲ್ಲದ ಹುಣ್ಣು, ತಾನಾಗಿಯೇ ಮಾಯವಾಯಿತು ಎಂದರೆ ಮೊದಲು ಸಂಶಯಪಡಬೇಕಾದದ್ದು ಸಿಫಿಲಿಸ್ ಎಂಬ ಲೈಂಗಿಕ ಸೋಂಕನ್ನು. ಸಂಪರ್ಕವಾದ ಮೂರು ವಾರದ ಆಸುಪಾಸಿನಲ್ಲಿ ಹುಣ್ಣಾಗುತ್ತದೆ, ಮೂರರಿಂದ ಆರು ವಾರದಲ್ಲಿ ಮದ್ದಿಲ್ಲದೆಯೇ ಮಾಯುತ್ತದೆ. ಆದರೆ ಸೋಂಕು ಒಳಗೇ ಇರುತ್ತದೆ. ಮುಂದೆ ಅಂಗೈ, ಅಂಗಾಲಿನಲ್ಲಿ ಗಂಧೆ ಏಳಬಹುದು. ವರ್ಷಗಳ ನಂತರ ಹೃದಯಕ್ಕೂ ಮಿದುಳಿಗೂ ತಾಗಬಹುದು. ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ, ಆರಂಭದಲ್ಲಾದರೆ ಪೆನಿಸಿಲಿನ್‌ನ ಒಂದು ಚುಚ್ಚುಮದ್ದಿನಿಂದ ಗುಣವಾಗುತ್ತದೆ. ಅದು ಬೇರೆ ಹುಣ್ಣೂ ಆಗಿರಬಹುದು, ನೋಡದೆ ಹೇಳಲಾಗದು. ಆದರೆ ‘ವಾಸಿಯಾಯಿತು’ ಎಂದು ಬಿಡುವ ಹಾಗಿಲ್ಲ. ಬರೆದವರು ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ಗೆ ಹೋಗಲಿ. ಸಂಗಾತಿಯೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

ಸುರಕ್ಷಾ ಕ್ಲಿನಿಕ್ ಎಂದರೆ ಲೈಂಗಿಕ ಸೋಂಕುಗಳಿಗೆ ಉಚಿತ ಚಿಕಿತ್ಸೆ ಸಿಗುವ ಜಾಗ. ಸ್ರಾವಕ್ಕೆ ಬೇರೆ, ಹುಣ್ಣಿಗೆ ಬೇರೆ ಎಂದು ಬಣ್ಣದ ಗುರುತಿರುವ ಪೊಟ್ಟಣಗಳಲ್ಲಿ ಮದ್ದು ಮೊದಲೇ ಜೋಡಿಸಿ ಇಟ್ಟಿರುತ್ತಾರೆ. ಎಚ್‌ಐವಿ ಪರೀಕ್ಷೆಗೆ ಐಸಿಟಿಸಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲೂ ಇದೆ, ತಾಲ್ಲೂಕು ಆಸ್ಪತ್ರೆಗಳಲ್ಲೂ ಇದೆ. ಒಳಗೆ ಹೋದರೆ ಏನಾಗುತ್ತದೆ ಎಂಬುದನ್ನು ನಿಮ್ಮ ಪುಟದಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯಿರಿ, ಏಕೆಂದರೆ ಮಕ್ಕಳು ಹೆದರುವುದು ಸೂಜಿಗಲ್ಲ, ಬಾಗಿಲಿಗೆ. ಮೊದಲು ಸಮಾಲೋಚಕರು ಬಾಗಿಲು ಹಾಕಿಕೊಂಡು ಮಾತನಾಡುತ್ತಾರೆ. ಒಪ್ಪಿಗೆ ಕೇಳುತ್ತಾರೆ. ರಕ್ತ ತೆಗೆಯುತ್ತಾರೆ. ಫಲಿತಾಂಶವನ್ನು ಅದೇ ಕೋಣೆಯಲ್ಲಿ, ಅವರೊಬ್ಬರಿಗೇ, ವಿವರಿಸಿ ಕೊಡುತ್ತಾರೆ. ಸೋಂಕು ತಗುಲಿದ ತಕ್ಷಣ ಪರೀಕ್ಷೆಯಲ್ಲಿ ಕಾಣಿಸುವುದಿಲ್ಲ. ಆದ್ದರಿಂದ ಮೊದಲು ‘ಇಲ್ಲ’ ಎಂದು ಬಂದರೂ ಮೂರು ತಿಂಗಳಿಗೆ ಮತ್ತೊಮ್ಮೆ ಬರಲು ಹೇಳುತ್ತಾರೆ. 18 ತುಂಬಿದವರಾದರೆ ಕಾಲೇಜಿಗೆ, ಮನೆಗೆ ತಿಳಿಸುವ ಮಾತೇ ಇಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಒಪ್ಪಿಗೆಯಿಲ್ಲದೆ ಪರೀಕ್ಷಿಸುವುದನ್ನೂ, ಒಬ್ಬರ ಸ್ಥಿತಿಯನ್ನು ಇನ್ನೊಬ್ಬರಿಗೆ ಹೇಳುವುದನ್ನೂ ತಡೆಯುತ್ತದೆ. ಆ ಮೂರನೆಯ ಚೀಟಿಗೆ ಇದನ್ನೇ ಬರೆಯಿರಿ.

ಎಚ್‌ಐವಿಯ ಅಪಾಯವಾಗಿದೆ ಎನಿಸಿದರೆ, ಅದರಲ್ಲೂ ಬಲಾತ್ಕಾರವಾಗಿದ್ದರೆ, 72 ಗಂಟೆಯೊಳಗೆ ಶುರು ಮಾಡಿ 28 ದಿನ ನುಂಗುವ ಮದ್ದಿದೆ. ತೀರ್ಥಹಳ್ಳಿಯಿಂದ ಶಿವಮೊಗ್ಗ 60 ಕಿಲೋಮೀಟರ್ ಆಸುಪಾಸು. ಸೋಮವಾರ ನೋಡೋಣ ಎಂದು ಕೂತರೆ ಗಡುವು ದಾಟಿಹೋಗುತ್ತದೆ. 1097ಕ್ಕೆ ಕರೆ ಮಾಡಲಿ, ನಾಕೋದ ಉಚಿತ ಸಹಾಯವಾಣಿ ಅದು. ಕೀಪ್ಯಾಡ್ ಫೋನಿನಿಂದಲೂ ಆಗುತ್ತದೆ, ಇಂಟರ್ನೆಟ್ ಬೇಡ. ಕರೆ ಮುಗಿದ ಮೇಲೆ ಕರೆಗಳ ಪಟ್ಟಿಯಿಂದ ನಂಬರ್ ಅಳಿಸುವುದನ್ನೂ ಹೇಳಿಕೊಡಿ.

ಈಗ ಫೋನಿನ ಮಾತು. ನನಗೆ ಫೋನಿನ ಮೇಲೆ ವಿರೋಧವಿಲ್ಲ, ಆದರೆ ಅದೊಂದರ ಮೇಲೆ ಭಾರ ಹಾಕುವುದನ್ನು ಒಪ್ಪುವುದಿಲ್ಲ. ಬ್ರಿಟನ್ನಿನಲ್ಲಿ ಆಗಷ್ಟೇ ಲೈಂಗಿಕ ಸೋಂಕು ಪತ್ತೆಯಾಗಿದ್ದ 16ರಿಂದ 24 ವಯಸ್ಸಿನ 6,248 ಮಂದಿಯ ಮೇಲೆ ‘ಸೇಫ್‌ಟೆಕ್ಸ್ಟ್’ ಎಂಬ ಪ್ರಯೋಗ ನಡೆಯಿತು. ಅರ್ಧ ಮಂದಿಗೆ ವರ್ಷವಿಡೀ ಮೊಬೈಲಿಗೆ ಸುರಕ್ಷಿತ ಲೈಂಗಿಕತೆಯ ಸಂದೇಶಗಳು ಹೋದವು. 2022ರಲ್ಲಿ ಫಲಿತಾಂಶ ಬಂತು. ಸಂದೇಶ ಪಡೆದವರಲ್ಲಿ ಕಾಂಡೋಮ್ ಬಳಕೆ ತುಸು ಹೆಚ್ಚಿತ್ತು. ಆದರೆ ವರ್ಷದ ಕೊನೆಗೆ ಕ್ಲಮೈಡಿಯಾ ಅಥವಾ ಗೊನೊರಿಯಾ ಮತ್ತೆ ತಗುಲಿದವರು ಅವರಲ್ಲಿ ಶೇ 22.2, ಸಂದೇಶ ಪಡೆಯದವರಲ್ಲಿ ಶೇ 20.3. ಕಡಿಮೆಯಾಗಲಿಲ್ಲ, ಬದಲಿಗೆ ಸ್ವಲ್ಪ ಹೆಚ್ಚೇ ಆಯಿತು. ಬಹಳ ಶ್ರದ್ಧೆಯಿಂದ ಬರೆದ ಸಂದೇಶಗಳಿಗೇ ಈ ಗತಿ. ಹಾಗಾಗಿ ಎಷ್ಟು ಜನ ಓದಿದರು ಎಂದು ಎಣಿಸಿ ಸಮಾಧಾನಪಡಬೇಡಿ. ಓದಿದವರು ಎಲ್ಲಿಗೆ ಹೋಗಬೇಕು, ಅಲ್ಲಿ ಯಾರನ್ನು ಕಾಣಬೇಕು ಎಂಬುದಕ್ಕೆ ಜಾಸ್ತಿ ದುಡಿಯಿರಿ.

ಹಾಸ್ಟೆಲಿನ ಹುಡುಗಿ ವಾಕ್ಯ ಕೇಳಿದ್ದಾಳೆ, ಸರಿಯಾಗಿಯೇ ಕೇಳಿದ್ದಾಳೆ. ಅವನು ‘ನಂಬಿಕೆ ಇಲ್ಲವಾ?’ ಎಂದರೆ, ‘ನಂಬಿಕೆ ಇರುವುದರಿಂದಲೇ ಕೇಳುತ್ತಿದ್ದೇನೆ. ಕಾಂಡೋಮ್ ಇದ್ದರೆ ಸರಿ, ಇಲ್ಲದಿದ್ದರೆ ಇವತ್ತು ಬೇಡ’ ಎನ್ನಲಿ. ‘ಒಂದು ಸಲಕ್ಕೆ ಏನಾಗುತ್ತದೆ?’ ಎಂದರೆ, ‘ಒಂದು ಸಲಕ್ಕೇ ಆಗುತ್ತದೆ. ಹಾಗಾದರೆ ಆಸ್ಪತ್ರೆಗೆ ಹೋಗುವವಳು ನಾನು.’ ಬಿಟ್ಟು ಹೋಗುತ್ತೇನೆ ಎಂದು ಹೆದರಿಸಿದರೆ ಅದಕ್ಕೆ ಉತ್ತರ ಕೊಡುವ ಅಗತ್ಯವೇ ಇಲ್ಲ, ಎದ್ದು ಬರಲಿ. ಮೊದಲು ಹೂಂ ಎಂದವರು ಆಮೇಲೆ ಬೇಡ ಎಂದರೂ ಅದು ಬೇಡವೇ. ಹುಡುಗರ ಭಾಗದಲ್ಲಿ ಇದನ್ನು ಮೊದಲ ಸಾಲಿನಲ್ಲಿ ಬರೆಯಿರಿ. ‘ನನ್ನ ಹತ್ತಿರ ಇದೆ, ನಿನಗೆ ಇಷ್ಟವಿದ್ದರೆ ಮಾತ್ರ’ ಎಂದು ಹೇಳಲು ಹುಡುಗನಿಗೂ ಯಾರಾದರೂ ಕಲಿಸಬೇಕಲ್ಲ.

ಒಂದು ಎಚ್ಚರಿಕೆ. ಮೊದಲ ವರ್ಷದವರಲ್ಲಿ 17 ವರ್ಷದವರೂ ಇರುತ್ತಾರೆ. 2012ರ ಪೋಕ್ಸೊ ಕಾಯ್ದೆಯಲ್ಲಿ 18ರ ಕೆಳಗಿನವರ ಒಪ್ಪಿಗೆಗೆ ಬೆಲೆಯಿಲ್ಲ, ವಿಷಯ ತಿಳಿದವರು ಪೊಲೀಸರಿಗೆ ತಿಳಿಸಲೇಬೇಕು. ಮಕ್ಕಳು ನಿಮ್ಮ ಮುಂದೆ ಬಂದು ಹೆಸರು ಹಿಡಿದು ಹೇಳುವ ಮುಂಚೆಯೇ ಇದನ್ನು ಅವರಿಗೆ ತಿಳಿಸಿಡಿ. ಆಮೇಲೆ ತಿಳಿದರೆ ಮೋಸ ಹೋದೆ ಎಂದುಕೊಳ್ಳುತ್ತಾರೆ.

—

ತುಂಗಾತೀರದ ಉಪನ್ಯಾಸಕಿ:

ಎಲ್ಲರಿಗೂ ಕೃತಜ್ಞತೆಗಳು. ಸಿಫಿಲಿಸ್ ಬಗೆಗಿನ ಉತ್ತರವನ್ನು ಇವತ್ತು ಬೆಳಿಗ್ಗೆ ಪೆಟ್ಟಿಗೆಯ ಮೇಲೂ, ಹುಡುಗರ ಮತ್ತು ಹುಡುಗಿಯರ ಶೌಚಾಲಯದ ಬಾಗಿಲ ಒಳಬದಿಯಲ್ಲೂ ಅಂಟಿಸಿದ್ದೇನೆ. ಅಲ್ಲಿ ನಿಂತು ಓದಿದರೆ ಯಾರೂ ನೋಡುವುದಿಲ್ಲ. 1097 ಮತ್ತು ಸುರಕ್ಷಾ ಕ್ಲಿನಿಕ್ ಎಂಬ ಹೆಸರನ್ನು ದೊಡ್ಡದಾಗಿ ಬರೆದಿದ್ದೇನೆ.

ಆ್ಯಪ್ ಸೂಚಿಸುವ ಯೋಚನೆ ಬಿಟ್ಟೆ. ಹೊಸನಗರದವರು ಹೇಳಿದಂತೆ ಕನ್ನಡದ ಪುಟ ಮಾಡೋಣ. ಮಕ್ಕಳ ಚೀಟಿಗಳನ್ನೇ ತಲೆಬರಹ ಮಾಡಿ, ಪ್ರತಿಯೊಂದರ ಕೆಳಗೆ ಉತ್ತರ, ಉತ್ತರದ ಕೆಳಗೆ ಎಲ್ಲಿಗೆ ಹೋಗಬೇಕು ಎಂಬ ಒಂದು ಸಾಲು. ಪ್ರಾಂಶುಪಾಲರ ಷರತ್ತೂ ಮುರಿಯದಂತೆ, ಪ್ರಕಟಿಸುವ ಮುಂಚೆ ತಾಲ್ಲೂಕು ಆಸ್ಪತ್ರೆಯ ಸಮಾಲೋಚಕರಿಗೆ ಓದಿಸಿ ಒಪ್ಪಿಗೆ ಪಡೆಯುತ್ತೇನೆ. ಸಮಾಲೋಚಕಿಯವರೇ, ನೀವು ಬರೆದ ಆ ವಾಕ್ಯಗಳನ್ನು ಹಾಗೆಯೇ ಹಾಕಲು ಅನುಮತಿ ಕೊಡಿ. ಹುಡುಗರ ಭಾಗವನ್ನು ಬರೆಯಲು ಅಂತಿಮ ವರ್ಷದ ಇಬ್ಬರು ಹುಡುಗರು ತಾವಾಗಿಯೇ ಮುಂದೆ ಬಂದಿದ್ದಾರೆ, ನನಗೆ ಅದು ಬಹಳ ಸಂತೋಷದ ವಿಷಯ.

ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ನಿರೋಧ್ ಉಚಿತವಾಗಿ ಸಿಗುತ್ತದೆ ಎಂಬುದನ್ನೂ ಸೇರಿಸುತ್ತೇನೆ. ಆದರೆ ಊರಿನ ಆಶಾ ಕಾರ್ಯಕರ್ತೆ ಪಕ್ಕದ ಮನೆಯವರೇ ಆಗಿರುವಾಗ ಮದುವೆಯಾಗದ ಮಕ್ಕಳು ಅಲ್ಲಿ ಕೇಳುವುದು ಕಷ್ಟ. ಅದಕ್ಕೇ ಸಾಗರದವರು ಮಾಡಿದ ಏರ್ಪಾಡು ನಮ್ಮ ಕಡೆಗೂ ಬೇಕು. ತೀರ್ಥಹಳ್ಳಿ ಪೇಟೆ, ಕೋಣಂದೂರು, ಮೇಗರವಳ್ಳಿಯಲ್ಲಿ ಔಷಧಿ ಅಂಗಡಿ ನಡೆಸುವವರು ಇದನ್ನು ಓದುತ್ತಿದ್ದರೆ, ಕೈಗೆ ಸಿಗುವ ಸ್ಟ್ಯಾಂಡಿನಲ್ಲಿ ಬೆಲೆ ಬರೆದು ಇಡಲು ಒಪ್ಪುವವರು ದಯವಿಟ್ಟು ನನಗೆ ಸಂದೇಶ ಕಳಿಸಿ. ಒಪ್ಪಿದ ಅಂಗಡಿಗಳ ಹೆಸರು, ತೆರೆದಿರುವ ಸಮಯ ಎರಡನ್ನೂ ಪುಟದಲ್ಲಿ ಹಾಕುತ್ತೇವೆ.